ಚಳಿಗಾಲದಲ್ಲಿ ಕರೆಂಟ್ ಕೈಕೊಟ್ಟರೆ: ಬ್ಯಾಟರಿಯಾ, ಜನರೇಟರಾ, ಒಲೆಯಾ?

ಬೇಸಿಗೆಯಲ್ಲಿ ಕರೆಂಟ್ ಹೋದರೆ ಬೆವರು ಒರೆಸಿಕೊಂಡು, ಒಂದಷ್ಟು ಬೈದು, ಮನೆಯಿಂದಾಚೆ ಬಂದು ಕೂರಬಹುದು. ಕೊರೆಯುವ ಚಳಿಯಲ್ಲಿ ಆ ದಾರಿಯೂ ಇಲ್ಲ. ಗಂಟೆ ಕಳೆದ ಹಾಗೆ ಮನೆ ತಣ್ಣಗಾಗುತ್ತಾ ಹೋಗುತ್ತದೆ. ಪೈಪಿನೊಳಗಿನ ನೀರು ಹೆಪ್ಪುಗಟ್ಟುತ್ತದೆ. ತಂತಿ ಕಡಿದ ಜಾಗಕ್ಕೆ ಲೈನ್‌ಮನ್ ಹೋಗೋಣವೆಂದರೆ ರಸ್ತೆ ಮೇಲೆ ಹಿಮ ಕೂತಿರುತ್ತದೆ.

1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಕಡೆ ಸುರಿದ ಮಳೆ ತಂತಿಗೆ ತಾಗಿದ ಕೂಡಲೇ ಮಂಜುಗಡ್ಡೆಯಾಗುತ್ತಿತ್ತು. ಆ ಭಾರಕ್ಕೆ ಕಂಬಗಳಷ್ಟೇ ಅಲ್ಲ, ದೊಡ್ಡ ದೊಡ್ಡ ಉಕ್ಕಿನ ಟವರ್‌ಗಳೂ ಮಡಚಿಕೊಂಡವು. ಕೆಲವು ಮನೆಗಳಿಗೆ ಕರೆಂಟ್ ವಾಪಸ್ ಬರಲು ನಾಲ್ಕು ವಾರ ಹಿಡಿಯಿತು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ವಿದ್ಯುತ್ ಕೇಂದ್ರಗಳೂ ಅವುಗಳಿಗೆ ಗ್ಯಾಸ್ ಕಳಿಸುವ ವ್ಯವಸ್ಥೆಯೂ ಚಳಿಗೆ ಸಿಕ್ಕಿ ನಿಂತವು. 40 ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಾದವು. ಸರ್ಕಾರಿ ಲೆಕ್ಕದಲ್ಲೇ 246 ಜನ ಸತ್ತರು.

ಇಂಥ ಸುದ್ದಿ ಓದಿದ ಕೂಡಲೇ ಎಲ್ಲರೂ ಕೇಳೋದು ಒಂದೇ: "ಎಷ್ಟು ದೊಡ್ಡ ಬ್ಯಾಟರಿ ತಗೊಳ್ಳಲಿ?" ಅಲ್ಲೇ ಎಡವುತ್ತೇವೆ. ಬೆಳಕಿಗೆ ಏನು, ಬಿಸಿಗೆ ಏನು ಅಂತ ಎರಡು ಪ್ರಶ್ನೆ ಕೇಳಬೇಕು.

ಬೆಳಕಿನ ಲೆಕ್ಕ ಬೇರೆ, ಬಿಸಿಯ ಲೆಕ್ಕ ಬೇರೆ

ಒಂದು ಎಲ್‌ಇಡಿ ಬಲ್ಬು 9 ವ್ಯಾಟ್. ವೈಫೈ ರೂಟರ್ ಸುಮಾರು 10 ವ್ಯಾಟ್. ಒಂದು ಫೋನ್ ಪೂರ್ತಿ ಚಾರ್ಜ್ ಆಗಲು 20 ವ್ಯಾಟ್-ಅವರ್ (ಒಂದು ವ್ಯಾಟಿನ ವಸ್ತು ಒಂದು ಗಂಟೆ ಓಡಿದರೆ ಒಂದು ವ್ಯಾಟ್-ಅವರ್) ಧಾರಾಳ. ಮೂರು ಬಲ್ಬು, ಒಂದು ರೂಟರ್ ಆರು ಗಂಟೆ ಉರಿಸಿ, ಎರಡು ಫೋನ್ ಚಾರ್ಜ್ ಮಾಡಿಕೊಂಡರೂ ಒಟ್ಟು ಸುಮಾರು 260 ವ್ಯಾಟ್-ಅವರ್ ಅಷ್ಟೇ.

ಈಗ ರೂಮ್ ಹೀಟರ್ ತಗೊಳ್ಳಿ. 1500 ವ್ಯಾಟ್. ಅದು ಹತ್ತು ನಿಮಿಷಕ್ಕೆ ನುಂಗುವುದು 250 ವ್ಯಾಟ್-ಅವರ್. ಅಂದರೆ ಇಡೀ ಸಂಜೆಯ ಬೆಳಕು, ಇಂಟರ್ನೆಟ್, ಫೋನು ಎಲ್ಲ ಸೇರಿ ಆ ಹೀಟರಿನ ಹತ್ತು ನಿಮಿಷಕ್ಕೆ ಹೆಚ್ಚುಕಡಿಮೆ ಸಮ.

12 ವೋಲ್ಟಿನ, 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇರುತ್ತದೆ. ಲೆಡ್ ಆಸಿಡ್ ಆದರೆ ಅರ್ಧದಷ್ಟೇ ಬಳಸೋದು ಒಳ್ಳೆಯದು, ಪದೇ ಪದೇ ಪೂರ್ತಿ ಬರಿದು ಮಾಡಿದರೆ ಬೇಗ ಸಾಯುತ್ತದೆ. ಉಳಿದ 900ರಲ್ಲಿ ಇನ್ವರ್ಟರ್ ತನ್ನ ಪಾಲು ತಿನ್ನುತ್ತದೆ. ಕೊನೆಗೆ ಹೀಟರ್ ಓಡುವುದು ಅರ್ಧ ಗಂಟೆ. ಇಬ್ಬರು ಹಿಡಿದು ಎತ್ತಬೇಕಾದ ಬ್ಯಾಟರಿಯ ಯೋಗ್ಯತೆ ಇಷ್ಟೇ. ಅದೇ ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಸುಮಾರು 10 ಕಿಲೋವ್ಯಾಟ್-ಅವರ್ ಬಿಸಿ ಕೊಡುತ್ತದೆ, ಆ ಹೀಟರ್ ಆರೂವರೆ ಗಂಟೆ ಕೊಡುವಷ್ಟು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ 4 ಕಿಲೋವ್ಯಾಟ್-ಅವರ್ ಇರುತ್ತದೆ.

ಅದಕ್ಕೇ ನಾನು ಹೇಳೋದು, ಬೆಳಕನ್ನು ಬ್ಯಾಟರಿಗೆ ಬಿಡಿ, ಬಿಸಿಯನ್ನು ಉರುವಲಿಗೆ ಬಿಡಿ. ಬ್ಯಾಟರಿಯಿಂದ ಮನೆ ಬೆಚ್ಚಗಿಡುತ್ತೇನೆ ಅಂತ ಹೊರಟರೆ ದುಡ್ಡು ಸುರಿದದ್ದೇ ಬಂತು.

ಇದಕ್ಕೆ ಒಂದು ಅಪವಾದ ಇದೆ, ಎಲೆಕ್ಟ್ರಿಕ್ ಕಂಬಳಿ. ಅದು ರೂಮಿನ ಗಾಳಿಯನ್ನಲ್ಲ, ಹೊದ್ದವರ ಮೈಯನ್ನು ಬೆಚ್ಚಗಿಡುತ್ತದೆ. 60 ವ್ಯಾಟಿನದು ಎಂಟು ಗಂಟೆ ಉರಿದರೂ 480 ವ್ಯಾಟ್-ಅವರ್. ಒಂದು ಮಧ್ಯಮ ಗಾತ್ರದ ಪವರ್ ಸ್ಟೇಷನ್ (ಬ್ಯಾಟರಿ, ಇನ್ವರ್ಟರ್, ಸಾಕೆಟ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿರುವ, ಎತ್ತಿಕೊಂಡು ಹೋಗುವಂಥದ್ದು) ಅಷ್ಟನ್ನು ತಡೆದುಕೊಳ್ಳುತ್ತದೆ. ಇನ್ನೂ ಅಗ್ಗದ ದಾರಿ ರಬ್ಬರಿನ ಬಿಸಿನೀರಿನ ಚೀಲ. ಎರಡು ಲೀಟರ್ ಬಿಸಿನೀರು ತಣ್ಣಗಾಗುವಷ್ಟರಲ್ಲಿ 100 ವ್ಯಾಟ್-ಅವರಿಗಿಂತ ಜಾಸ್ತಿ ಬಿಸಿಯನ್ನು ಹಾಸಿಗೆಯೊಳಗೆ ಬಿಟ್ಟಿರುತ್ತದೆ. ಅದೂ ಕಾಲ ಬುಡದಲ್ಲೇ, ಎಲ್ಲಿ ಬೇಕೋ ಅಲ್ಲೇ.

ಯಾವ ಬ್ಯಾಟರಿ?

ಲೆಡ್ ಆಸಿಡ್ ಅಗ್ಗ. ಎಲ್ಲರಿಗೂ ಗೊತ್ತಿರುವ ವಸ್ತು, ಕೆಟ್ಟರೆ ರಿಪೇರಿ ಮಾಡುವವರು ಸಿಗುತ್ತಾರೆ, ಹಳೆಯದನ್ನು ಕೊಟ್ಟರೆ ಒಂದಷ್ಟು ಕಾಸೂ ಬರುತ್ತದೆ. ಭಾರ ಜಾಸ್ತಿ, ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಲಿಥಿಯಂನಲ್ಲಿ ಮನೆಗೆ ಒಳ್ಳೆಯದು ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಬಗೆ. ಹಗುರ, ಒಳಗಿರುವುದರಲ್ಲಿ ನೂರಕ್ಕೆ 80-90 ಭಾಗ ಬಳಸಬಹುದು, ಸಾವಿರಾರು ಸಲ ಚಾರ್ಜ್ ಮಾಡಿದರೂ ಬಾಳುತ್ತದೆ. ಮೊದಲಿಗೆ ಕೊಡುವ ದುಡ್ಡು ಜಾಸ್ತಿ. ಇಷ್ಟನ್ನು ಯಾವ ಅಂಗಡಿಯವರೂ ಹೇಳುತ್ತಾರೆ. ಚಳಿಯ ವಿಷಯ ಮಾತ್ರ ಬಾಯಿಬಿಡುವುದು ಕಡಿಮೆ.

ಚಳಿ ಎರಡನ್ನೂ ಬಗ್ಗಿಸುತ್ತದೆ, ಆದರೆ ಬೇರೆ ಬೇರೆ ಥರ. ಲೆಡ್ ಆಸಿಡ್ ಬ್ಯಾಟರಿ ಸೊನ್ನೆ ಡಿಗ್ರಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ, ಮೈನಸ್ 20ರಲ್ಲಿ ಸುಮಾರು ಅರ್ಧ. ಪೂರ್ತಿ ಚಾರ್ಜ್ ಆಗಿದ್ದರೆ ಒಳಗಿನ ಆಸಿಡ್ ಮೈನಸ್ 50ರವರೆಗೂ ಹೆಪ್ಪುಗಟ್ಟುವುದಿಲ್ಲ. ಬರಿದಾಗಿದ್ದರೆ ಒಳಗಿರೋದು ಹೆಚ್ಚುಕಡಿಮೆ ನೀರೇ, ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ.

ಇದು ನನಗೆ ಹೇಗೆ ಗೊತ್ತಾಯಿತು ಅಂದರೆ, ಒಂದು ವರ್ಷ ಮನೆಯೊಳಗೆ ಜಾಗ ಸಾಲದೆ ಹಳೇ ಬ್ಯಾಟರಿಯನ್ನು ಹೊರಗಿನ ಶೆಡ್ಡಿನಲ್ಲಿಟ್ಟಿದ್ದೆ. ಚಾರ್ಜ್ ಇದೆಯೋ ಇಲ್ಲವೋ ನೋಡಿರಲಿಲ್ಲ. ಚಳಿ ಕಳೆದ ಮೇಲೆ ಎತ್ತಲು ಹೋದರೆ ಅದರ ಒಂದು ಬದಿ ಹೊಟ್ಟೆ ಬಂದ ಹಾಗೆ ಉಬ್ಬಿತ್ತು. ಕೆಳಮೂಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ಸುತ್ತಲಿನ ಸಿಮೆಂಟು ಬೆಳ್ಳಗೆ ಪುಡಿಪುಡಿಯಾಗಿತ್ತು. ಹೊಸಾ ಬ್ಯಾಟರಿಯ ಜೊತೆಗೆ ಹೊಸಾ ಪ್ಯಾಂಟೂ ತಗೊಳ್ಳಬೇಕಾಯಿತು, ಎತ್ತುವಾಗ ಆಸಿಡ್ ತಾಗಿದ ಕಡೆಯೆಲ್ಲ ಒಂದೇ ಒಗೆತಕ್ಕೆ ತೂತು.

ಲಿಥಿಯಂ ಹೀಗೆ ಒಡೆಯುವುದಿಲ್ಲ. ಅದರ ಕಷ್ಟ ಬೇರೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದರಿಂದ ಕರೆಂಟ್ ತೆಗೆಯಬಹುದು, ಆದರೆ ಅದಕ್ಕೆ ಚಾರ್ಜ್ ಮಾಡಬಾರದು. ಮಾಡಿದರೆ ಲಿಥಿಯಂ ಒಳಗೆ ಸೇರಿಕೊಳ್ಳುವ ಬದಲು ಮೇಲೆಯೇ ಲೋಹವಾಗಿ ಕೂರುತ್ತದೆ, ಆ ಪೆಟ್ಟು ಮತ್ತೆ ಸರಿಹೋಗುವುದಿಲ್ಲ. ಒಳ್ಳೆಯ ಪವರ್ ಸ್ಟೇಷನ್‌ಗಳು ತಣ್ಣಗಿದ್ದಾಗ ಚಾರ್ಜ್ ತಗೊಳ್ಳಲು ತಾವೇ ಒಪ್ಪುವುದಿಲ್ಲ. ಕೊಳ್ಳುವ ಮುಂಚೆ ಆ ರಕ್ಷಣೆ ಇದೆಯಾ ಅಂತ ಕೇಳಿ. ಜೊತೆಗೆ ಯಾವ ಬಗೆಯ ಬ್ಯಾಟರಿಯಾದರೂ ಮನೆಯೊಳಗೇ ಇಡಿ. ನೀರು ಹಾಕುವ ಲೆಡ್ ಆಸಿಡ್ ಆದರೆ ಮಲಗುವ ಕೋಣೆ ಬೇಡ, ಗಾಳಿಯಾಡುವ ಜಾಗ ಬೇಕು. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ.

ನನ್ನ ಆಯ್ಕೆ? ವರ್ಷಕ್ಕೆ ಎರಡು ಮೂರು ಸಲ, ಒಂದೊಂದು ಸಂಜೆ ಮಾತ್ರ ಕರೆಂಟ್ ಹೋಗುವ ಮನೆಗೆ ಲಿಥಿಯಂನ 500ರಿಂದ 1000 ವ್ಯಾಟ್-ಅವರಿನ ಪವರ್ ಸ್ಟೇಷನ್. ವೈರಿಂಗ್ ಬೇಡ, ಎತ್ತಿಕೊಂಡು ಓಡಾಡಬಹುದು. ಪದೇ ಪದೇ ಹೋಗುವ ಮನೆಗೆ ಗೋಡೆ ವೈರಿಂಗಿಗೆ ಸೇರಿಸಿದ ಇನ್ವರ್ಟರೇ ವಾಸಿ, ಯಾಕೆಂದರೆ ರಾತ್ರಿ ಎರಡು ಗಂಟೆಗೆ ಎದ್ದು ಪ್ಲಗ್ಗು ಹುಡುಕುವ ಗೋಜಿರುವುದಿಲ್ಲ. ರೂಟರ್ ಒಂದು ನಡೆದರೆ ಸಾಕು ಅನ್ನುವವರು 12 ವೋಲ್ಟಿನ ಮಿನಿ ಯುಪಿಎಸ್ ತಗೊಂಡರೆ ಮುಗಿಯಿತು, ಅಂಗೈಯಷ್ಟಿರುತ್ತದೆ.

ಮೇಣದಬತ್ತಿ ಬೇಡ. ಕಂಬಳಿ, ಪರದೆ, ಮಕ್ಕಳು ಎಲ್ಲ ಒಂದೇ ರೂಮಿನಲ್ಲಿ ಸೇರಿರುವ ರಾತ್ರಿ ತೆರೆದ ಉರಿ ಯಾಕೆ ಸುಮ್ನೆ? ತಲೆಗೆ ಕಟ್ಟುವ ಟಾರ್ಚ್ ತಗೊಳ್ಳಿ, ಎರಡೂ ಕೈ ಖಾಲಿ ಇರುತ್ತವೆ. ಅದಕ್ಕೆ ಮಾಮೂಲಿ ಅಲ್ಕಲೈನ್ ಸೆಲ್ ಬದಲು ಲಿಥಿಯಂ ಸೆಲ್ ಹಾಕಿದರೆ ಚಳಿಗೂ ಸೋಲುವುದಿಲ್ಲ, ಹತ್ತು ವರ್ಷ ಡ್ರಾಯರಿನಲ್ಲಿದ್ದರೂ ಉರಿಯುತ್ತದೆ.

ಜನರೇಟರ್ ಬೇಕಾ?

ಒಂದು ದಿನಕ್ಕಿಂತ ಜಾಸ್ತಿ ಕರೆಂಟ್ ಹೋಗುವ ಕಡೆ, ಬಾವಿಯ ಪಂಪು ಓಡಿಸಲೇಬೇಕಾದ ಕಡೆ, ಬೇಕು. ಉಳಿದವರಿಗೆ ತಲೆನೋವೇ ಜಾಸ್ತಿ.

2 ಕಿಲೋವ್ಯಾಟಿನ ಸಣ್ಣ ಇನ್ವರ್ಟರ್ ಜನರೇಟರ್ ನಾಲ್ಕು ಲೀಟರಿಗಿಂತ ಕಡಿಮೆ ಪೆಟ್ರೋಲಿನಲ್ಲಿ ಕಾಲು ಲೋಡಿಗೆ ಸುಮಾರು ಎಂಟು ಗಂಟೆ ಓಡುತ್ತದೆ, ಪೂರ್ತಿ ಲೋಡಿಗೆ ಮೂರು ಗಂಟೆ. ಇನ್ವರ್ಟರ್ ಜನರೇಟರ್ ಅಂದರೆ ಲೋಡ್ ಕಡಿಮೆಯಾದಾಗ ಎಂಜಿನ್ ತಾನೇ ನಿಧಾನವಾಗುವಂಥದ್ದು. ಮಾಮೂಲಿ ಜನರೇಟರ್ ಒಂದು ಬಲ್ಬು ಹಾಕಿದರೂ ಅದೇ ವೇಗದಲ್ಲಿ ಕಿರುಚುತ್ತಿರುತ್ತದೆ, ಪೆಟ್ರೋಲೂ ಬೇಕಾದ್ದಕ್ಕಿಂತ ಜಾಸ್ತಿ ಕುಡಿಯುತ್ತದೆ. ಅಗ್ಗ ಅಂತ ತಂದವರ ಪಕ್ಕದ ಮನೆಯವರನ್ನು ಕೇಳಿ ನೋಡಿ.

ಹೆಚ್ಚಿನವರು ಜನರೇಟರ್ ಅಥವಾ ಬ್ಯಾಟರಿ ಅಂತ ಯೋಚಿಸುತ್ತಾರೆ. ದುಡ್ಡಿದ್ದರೆ ಎರಡೂ ಸಣ್ಣವು ಇರಲಿ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳಿ, ಅದೇ ಹೊತ್ತಿನಲ್ಲಿ ಫ್ರಿಜ್ಜು, ಪಂಪು ಓಡಿಸಿ. ರಾತ್ರಿ ಪೂರ್ತಿ ನಿಶ್ಶಬ್ದ. ದಿನವಿಡೀ ಓಡಿಸುವುದಕ್ಕಿಂತ ಪೆಟ್ರೋಲೂ ಎಷ್ಟೋ ಉಳಿಯುತ್ತದೆ.

ಮೋಟಾರು ಇರುವ ವಸ್ತುಗಳ ವಿಷಯದಲ್ಲಿ ಹುಷಾರು. ಫ್ರಿಜ್ಜು ಓಡುವಾಗ 150 ವ್ಯಾಟ್ ಅಷ್ಟೇ ಎಳೆದರೂ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಕೇಳುತ್ತದೆ. ಅರ್ಧ ಎಚ್‌ಪಿ ಪಂಪೂ ಹಾಗೆಯೇ. ಡಬ್ಬಿಯ ಮೇಲೆ ಎರಡು ಅಂಕಿ ಬರೆದಿರುತ್ತಾರೆ, ಸತತವಾಗಿ ಕೊಡುವುದೊಂದು, ಕ್ಷಣಕ್ಕೆ ಕೊಡುವುದೊಂದು. ದೊಡ್ಡ ಅಕ್ಷರದಲ್ಲಿರೋದು ಸಾಮಾನ್ಯವಾಗಿ ಎರಡನೆಯದು.

ನಿಂತ ಪೆಟ್ರೋಲು ಕೆಲವೇ ತಿಂಗಳಲ್ಲಿ ಹಳಸುತ್ತದೆ, ಕಾರ್ಬ್ಯುರೇಟರ್ ಒಳಗೆ ಅಂಟಾಗುತ್ತದೆ. ಬೇಕಾದ ದಿನ ಹಗ್ಗ ಎಳೆದು ಎಳೆದು ತೋಳು ಬಿದ್ದುಹೋಗುತ್ತದೆ, ಎಂಜಿನ್ ಮಾತ್ರ ಕೆಮ್ಮುವುದೂ ಇಲ್ಲ. ತಿಂಗಳಿಗೊಮ್ಮೆ ಹತ್ತು ನಿಮಿಷ ಲೋಡ್ ಹಾಕಿ ಓಡಿಸಿ. ಚಳಿಗೆ ಮುಂಚೆ 5ಡಬ್ಲ್ಯೂ-30 ಥರದ ತೆಳು ಆಯಿಲ್ ಹಾಕಬಹುದಾ ಅಂತ ಪುಸ್ತಕದಲ್ಲಿ ನೋಡಿ.

ಇನ್ನೆರಡು ವಿಷಯ ಪ್ರಾಣಕ್ಕೆ ಸಂಬಂಧಿಸಿದ್ದು. ಒಂದು, ಜನರೇಟರನ್ನು ಮನೆಯೊಳಗೆ, ಗ್ಯಾರೇಜಿನಲ್ಲಿ, ಕಿಟಕಿ ಪಕ್ಕದಲ್ಲಿ ಯಾವತ್ತೂ ಓಡಿಸಬಾರದು. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಅಷ್ಟೇ. ಮನೆಯಿಂದ ಕನಿಷ್ಠ 6 ಮೀಟರ್ ದೂರ, ಹೊಗೆಯ ಬಾಯಿ ಮನೆಗೆ ಬೆನ್ನು ಹಾಕಿರಲಿ. ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತದೆ, ಜ್ವರ ಬರುವ ಹಾಗಿದೆ ಅಂತ ಹೊದ್ದು ಮಲಗಿದರೆ ಮುಗಿಯಿತು. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಶುರುವಾದರೆ ಕಾರಣ ಹುಡುಕುತ್ತಾ ಕೂರಬೇಡಿ, ಮೊದಲು ಎಲ್ಲರೂ ಹೊರಗೆ ಬನ್ನಿ. ಟೆಕ್ಸಸ್‌ನಲ್ಲಿ ಸತ್ತವರಲ್ಲಿ ಚಳಿಗೆ ಹೆದರಿ ಬಿಸಿ ಹುಡುಕಲು ಹೋಗಿ ಈ ಗಾಳಿ ಕುಡಿದವರೂ ಇದ್ದರು.

ಎರಡು, ಜನರೇಟರಿನ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಆ ಕರೆಂಟ್ ಮೇನ್ ದಾಟಿ ಹೊರಗಿನ ಟ್ರಾನ್ಸ್‌ಫಾರ್ಮರಿಗೆ ಉಲ್ಟಾ ಹೋಗುತ್ತದೆ, ಅಲ್ಲಿ ಸಾವಿರಾರು ವೋಲ್ಟ್ ಆಗುತ್ತದೆ. ಕಂಬದ ಮೇಲಿರುವ ಲೈನ್‌ಮನ್ ತಂತಿ ಸತ್ತಿದೆ ಅಂದುಕೊಂಡು ಮುಟ್ಟಿರುತ್ತಾನೆ. ಚೇಂಜ್‌ಓವರ್ ಸ್ವಿಚ್ (ಮನೆಯನ್ನು ಹೊರಗಿನ ಲೈನಿನಿಂದ ಬಿಡಿಸಿ ಜನರೇಟರಿಗೆ ಸೇರಿಸುವಂಥದ್ದು) ಹಾಕಿಸಿ, ಇಲ್ಲವೇ ಎಕ್ಸ್‌ಟೆನ್ಷನ್ ವೈರಿನಿಂದ ನೇರವಾಗಿ ವಸ್ತುಗಳಿಗೆ ಕೊಡಿ.

ಬಿಸಿಗೆ ಯಾವುದು?

ಹೊಗೆಕೊಳವೆ ಇರುವ ಸೌದೆ ಒಲೆ ಇದ್ದವರು ಪುಣ್ಯವಂತರು. ಕರೆಂಟಿನ ಹಂಗೇ ಇಲ್ಲ, ಮೇಲೆ ನೀರೂ ಕಾಯುತ್ತದೆ. ಸೌದೆಯ ತೇವ ನೂರಕ್ಕೆ 20 ಭಾಗಕ್ಕಿಂತ ಕಡಿಮೆ ಇರಬೇಕು. ಹಸಿ ಸೌದೆ ಮನೆ ಬಿಸಿ ಮಾಡುವ ಮೊದಲು ತನ್ನ ನೀರನ್ನೇ ಕುದಿಸಿಕೊಳ್ಳುತ್ತಾ ಕೂರುತ್ತದೆ, ಕೊಳವೆಯೊಳಗೆ ಮಸಿ ಕಟ್ಟುತ್ತದೆ. ಆ ಮಸಿಗೆ ಬೆಂಕಿ ಹತ್ತುವುದೇ ದೊಡ್ಡ ಅಪಾಯ, ಹಾಗಾಗಿ ವರ್ಷಕ್ಕೊಮ್ಮೆ ಕೊಳವೆ ಗುಡಿಸಲೇಬೇಕು.

ಸೀಮೆಎಣ್ಣೆ ಹೀಟರನ್ನು ಹೊತ್ತೊಯ್ಯಬಹುದು, ಅಗ್ಗ, ಮೇಲೆ ಹೇಳಿದ ಹಾಗೆ ಲೀಟರಿಗೆ ಕೈತುಂಬ ಬಿಸಿ. ಆದರೆ ಕೊಳವೆ ಇಲ್ಲದ್ದರಿಂದ ಉರಿದದ್ದೆಲ್ಲ ರೂಮಿನೊಳಗೇ ಉಳಿಯುತ್ತದೆ. ಕಿಟಕಿ ಒಂದು ಬೆರಳಷ್ಟು ತೆರೆದಿರಬೇಕು. ಬಿಸಿಗೆ ಅಂತ ಹಚ್ಚಿ ಕಿಟಕಿ ತೆರೆಯೋದಾ ಅನ್ನಿಸುತ್ತದೆ, ಆದರೂ ತೆರೆಯಬೇಕು. ಮಲಗುವ ಮುಂಚೆ ಆರಿಸಬೇಕು. ಎಣ್ಣೆ ತುಂಬಿಸುವುದು ಹೊರಗೆ, ಹೀಟರ್ ತಣ್ಣಗಾದ ಮೇಲೆ.

ಗ್ಯಾಸ್ ಹೀಟರಿನಲ್ಲಿ ವಾಸನೆ ಕಡಿಮೆ, ಹಚ್ಚುವುದು ಸುಲಭ. ಮನೆಯೊಳಗೆ ಬಳಸಲು ಮಾಡಿದ್ದೇ ಆಗಿರಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಸಿಲಿಂಡರಿನಲ್ಲಿರುವುದು ಬ್ಯೂಟೇನೋ ಪ್ರೊಪೇನೋ ನೋಡಿ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ದ್ರವವಾಗಿಯೇ ಉಳಿಯುತ್ತದೆ, ಗ್ಯಾಸೇ ಏಳುವುದಿಲ್ಲ. ಪ್ರೊಪೇನ್ ಮೈನಸ್ 42ರವರೆಗೂ ಏಳುತ್ತದೆ. ಹೊರಗಿಟ್ಟ ತುಂಬಿದ ಸಿಲಿಂಡರ್ ಬೆಳಗ್ಗೆ "ಖಾಲಿ" ಆದಂತೆ ಕಂಡರೆ ಯಾರೂ ಕದ್ದಿರುವುದಿಲ್ಲ, ಒಳಗಿರುವುದು ಬ್ಯೂಟೇನ್ ಅಷ್ಟೇ. ಅಡುಗೆಯ ಗ್ಯಾಸ್ ಒಲೆಯನ್ನು ರೂಮ್ ಬಿಸಿ ಮಾಡಲು ಉರಿಸಬೇಡಿ, ಇದ್ದಿಲ ಕೆಂಡ ಒಳಗೆ ತರುವುದಂತೂ ಬೇಡವೇ ಬೇಡ.

ಈಗ ಬಹಳ ಜನ ಕೈಬಿಡುವ ಒಂದು ವಿಷಯ. ಮನೆಗೆ ಗ್ಯಾಸ್ ಬಾಯ್ಲರ್ ಇದೆ, ನಮಗೇನು ಚಿಂತೆ ಅಂತ ಕೆಲವರು ನೆಮ್ಮದಿಯಾಗಿರುತ್ತಾರೆ. ಕರೆಂಟ್ ಹೋದ ಕೂಡಲೇ ಅದೂ ನಿಲ್ಲುತ್ತದೆ, ಯಾಕೆಂದರೆ ಬಿಸಿನೀರು ತಿರುಗಿಸುವ ಪಂಪು, ಫ್ಯಾನು, ಕಂಟ್ರೋಲ್ ಬೋರ್ಡು ಎಲ್ಲ ಕರೆಂಟಿನದ್ದೇ. ಸಂತೋಷದ ಸುದ್ದಿ ಏನೆಂದರೆ ಇವೆಲ್ಲ ಸೇರಿ ಎಷ್ಟೋ ಮನೆಗಳಲ್ಲಿ 100-150 ವ್ಯಾಟ್ ಮೀರುವುದಿಲ್ಲ. ಅಂದರೆ ಆ ಅರ್ಧ ಗಂಟೆ ಹೀಟರ್ ಓಡಿಸಿದ ಬ್ಯಾಟರಿಯೇ ಇಡೀ ಮನೆಯ ಬಿಸಿಯನ್ನು ಐದಾರು ಗಂಟೆ ನಡೆಸಬಲ್ಲದು. ಬಿಸಿ ಗಾಳಿ ಊದುವ ಫರ್ನೇಸ್ ಆದರೆ ಅದರ ಬ್ಲೋವರ್ 400-600 ವ್ಯಾಟ್ ಕೇಳಬಹುದು, ಅಲ್ಲಿ ಬ್ಯಾಟರಿ ಸಾಲದು, ಜನರೇಟರೇ ಬೇಕು. ಎರಡಕ್ಕೂ ಪ್ಯೂರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನಂತೆಯೇ ನುಣುಪಾದ ಅಲೆಯ ಕರೆಂಟ್ ಕೊಡುವ ಇನ್ವರ್ಟರ್ ಅಥವಾ ಇನ್ವರ್ಟರ್ ಜನರೇಟರೇ ಆಗಬೇಕು. ಅರ್ತಿಂಗ್, ನ್ಯೂಟ್ರಲ್ ಸರಿ ಇಲ್ಲದಿದ್ದರೆ ಕೆಲವು ಬಾಯ್ಲರ್‌ಗಳು ಉರಿ ಹತ್ತಿದ್ದರೂ ಹತ್ತಿಲ್ಲ ಅಂದುಕೊಂಡು ಆಫ್ ಆಗುತ್ತವೆ. ಇದನ್ನು ಮಾತ್ರ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಯಾವುದೇ ಆಯ್ಕೆ ಮಾಡಿದರೂ ಇಡೀ ಮನೆ ಬೆಚ್ಚಗಿಡಲು ಹೋಗಬೇಡಿ. ಬಿಸಿಲು ಬೀಳುವ ಒಂದು ಸಣ್ಣ ರೂಮು ಆರಿಸಿ, ಬಾಗಿಲ ಕೆಳಗಿನ ಸಂದಿಗೆ ಟವೆಲ್ ತುರುಕಿ, ಕಿಟಕಿಗೆ ದಪ್ಪ ಪರದೆ ಎಳೆದು ಎಲ್ಲರೂ ಅಲ್ಲೇ ಸೇರಿಕೊಳ್ಳಿ. ಕೊಳವೆ ಇಲ್ಲದ ಹೀಟರ್ ಉರಿಯುತ್ತಿದ್ದರೆ ಕಿಟಕಿಯ ಆ ಬೆರಳಷ್ಟು ಸಂದಿ ಮಾತ್ರ ಮುಚ್ಚಬೇಡಿ. ಮೈಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆ, ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವ್ಯಾಟಿನ ಹೀಟರ್.

ಸೋಲಾರ್, ಕಾರು, ಫ್ರಿಜ್ಜು, ನೀರು

ಚಾವಣಿ ಮೇಲೆ ಸೋಲಾರ್ ಇದ್ದರೆ ಕರೆಂಟ್ ಹೋದಾಗಲೂ ಬರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಗ್ರಿಡ್ಡಿಗೆ ಸೇರಿಸಿದ ಮಾಮೂಲಿ ಸೋಲಾರ್, ಲೈನ್‌ಮನ್ ಸುರಕ್ಷತೆಗಾಗಿ ಗ್ರಿಡ್ ಜೊತೆಗೇ ಆಫ್ ಆಗುತ್ತದೆ. ಹೈಬ್ರಿಡ್ ಇನ್ವರ್ಟರ್ (ಗ್ರಿಡ್ ಇಲ್ಲದಾಗಲೂ ನಡೆಯುವಂಥದ್ದು), ಬ್ಯಾಟರಿ ಇದ್ದರೆ ಮಾತ್ರ ಉಪಯೋಗ. ಚಳಿಗಾಲದ ಗಿಡ್ಡ ಹಗಲಿನಲ್ಲಿ, ಹಿಮ ಮುಚ್ಚಿದ ಪ್ಯಾನೆಲ್ಲಿನಿಂದ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಕಾರಿನಿಂದ ಫೋನ್ ಚಾರ್ಜ್ ಮಾಡಬಹುದು, ಆದರೆ ಮುಚ್ಚಿದ ಗ್ಯಾರೇಜಿನಲ್ಲಿ ಅಲ್ಲ. ಹೊರಗೆ ನಿಂತಿದ್ದರೂ ಸೈಲೆನ್ಸರ್ ಬಾಯಿಗೆ ಹಿಮ ಮುಚ್ಚಿದೆಯಾ ನೋಡಿ. ಕೆಲವು ಎಲೆಕ್ಟ್ರಿಕ್ ಕಾರುಗಳು ತಮ್ಮಿಂದ 3 ಕಿಲೋವ್ಯಾಟಿಗೂ ಜಾಸ್ತಿ ಹೊರಗೆ ಕೊಡುತ್ತವೆ. ಅಂಥ ಕಾರು ಈಗಾಗಲೇ ಇದ್ದರೆ ಪವರ್ ಸ್ಟೇಷನ್ ಕೊಳ್ಳುವ ಯೋಚನೆಯನ್ನೇ ಬಿಡಿ.

ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ, ತುಂಬಿದ ಫ್ರೀಜರ್ ಎರಡು ದಿನ ತಣ್ಣಗಿರುತ್ತದೆ. ಹೊರಗಿನ ಚಳಿಯಲ್ಲಿ ಬಾಟಲಿ ನೀರನ್ನು ಗಡ್ಡೆ ಮಾಡಿ ಫ್ರಿಜ್ಜಿನೊಳಗೆ ಇಟ್ಟುಕೊಂಡರೆ ಬ್ಯಾಟರಿಯ ಹಂಗಿಲ್ಲ. ಆಹಾರವನ್ನೇ ಹೊರಗಿಡಬೇಡಿ, ಬಿಸಿಲು ಬಂದರೆ ಕೆಡುತ್ತದೆ, ಪ್ರಾಣಿಗಳೂ ಬರುತ್ತವೆ.

ಕುಡಿಯುವುದಕ್ಕೆ, ಇತರೆ ಸಣ್ಣಪುಟ್ಟದ್ದಕ್ಕೆ ತಲೆಗೆ ದಿನಕ್ಕೆ 4 ಲೀಟರಿನಂತೆ ಮೂರು ದಿನದ ನೀರು ತುಂಬಿಡಿ. ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟರೆ ಪೈಪು ಒಡೆಯುವ ಸಂಭವ ಕಡಿಮೆ. ಮನೆಯ ಮುಖ್ಯ ವಾಲ್ವ್ ಎಲ್ಲಿದೆ ಅಂತ ಮನೆಯ ಎಲ್ಲರಿಗೂ ತೋರಿಸಿಡಿ. ಒಡೆದ ಪೈಪು ತಿಳಿಯುವುದು ಗಡ್ಡೆ ಕರಗಿದ ಮೇಲೆ.

ಆಕ್ಸಿಜನ್ ಕಾನ್ಸನ್‌ಟ್ರೇಟರ್ ಮೇಲಿರುವವರು ಮನೆಯಲ್ಲಿದ್ದರೆ ಈ ಹೋಲಿಕೆಯೆಲ್ಲ ಪಕ್ಕಕ್ಕಿಡಿ. ಮನೆಯಲ್ಲಿಡುವ ಮಾದರಿ 300 ವ್ಯಾಟ್ ಆಸುಪಾಸು ಹಗಲೂ ರಾತ್ರಿ ಎಳೆಯುತ್ತದೆ, ಯಾವ ಸಣ್ಣ ಬ್ಯಾಟರಿಯೂ ತಾಳುವುದಿಲ್ಲ. ಡಾಕ್ಟರನ್ನು ಕೇಳಿ ಆಕ್ಸಿಜನ್ ಸಿಲಿಂಡರ್ ತಂದಿಟ್ಟುಕೊಳ್ಳಿ, ಕರೆಂಟ್ ಇರುವ ಯಾವ ಮನೆಗೆ ಹೋಗುವುದು ಅಂತ ಮೊದಲೇ ಮಾತಾಡಿಕೊಂಡಿರಿ.

ಕೊಂಡ ಮೇಲೆ ಒಂದು ರಾತ್ರಿ

ಎಲ್ಲ ತಂದಾದ ಮೇಲೆ, ಚಳಿ ಜೋರಾಗುವ ಮುಂಚೆ, ಒಂದು ಸಂಜೆ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ನಾವು ಮೊದಲ ಸಲ ಮಾಡಿದಾಗ ಟಾರ್ಚ್ ಇಟ್ಟ ಡ್ರಾಯರ್ ಕತ್ತಲಲ್ಲಿ ಯಾರಿಗೂ ಸಿಗಲಿಲ್ಲ. ಪವರ್ ಸ್ಟೇಷನ್ ಅರ್ಧವೇ ತುಂಬಿತ್ತು. ಅದೆಲ್ಲ ಹೋಗಲಿ, ನಕ್ಕೆವು. ಸೀಮೆಎಣ್ಣೆ ಹೀಟರ್ ಹಚ್ಚಿ, ಕಿಟಕಿ ಬೆರಳಷ್ಟು ತೆರೆದು ಕೂತಾದ ಮೇಲೆ ನಮ್ಮ ಹುಡುಗ ಗೋಡೆ ಕಡೆ ಕೈ ತೋರಿಸಿ, "ಅದರ ಹಸಿರು ಲೈಟ್ ಯಾಕೆ ಇಲ್ಲ?" ಅಂದ. ಕಾರ್ಬನ್ ಮಾನಾಕ್ಸೈಡ್ ಅಲಾರಂ. ಪ್ಲಗ್ಗಿಗೆ ಸಿಕ್ಕಿಸುವಂಥದ್ದನ್ನು ತಂದಿದ್ದೆ, ಒಳಗೆ ಬ್ಯಾಟರಿಯೇ ಇರಲಿಲ್ಲ. ಹೀಟರ್ ಆರಿಸಿ ಕಂಬಳಿ ಹೊದ್ದು ಕೂತೆವು. ಮಾರನೇ ದಿನ ಸೆಲ್ ಹಾಕುವಂಥದ್ದು ಎರಡು ತಂದೆ, ಒಂದು ಮಲಗುವ ಕೋಣೆಯ ಹೊರಗೆ, ಇನ್ನೊಂದು ಹೀಟರ್ ಇಡುವ ರೂಮಿಗೆ.